ಗಾಡಿ ಗ್ಯಾರೇಜಿಗೆ ಬಿಡುವ ಮುನ್ನ, ಬಿಲ್ ಕಟ್ಟುವ ಮುನ್ನ

"ನಾಲ್ಕು ಸಾವಿರ ಆಗ್ಬಹುದು ಅಂದಿದ್ರು, ಸಂಜೆ ಹೋದ್ರೆ ಹನ್ನೊಂದು ಸಾವಿರ ಬಿಲ್. ಟೋಪಿ ಹಾಕಿದ್ರಾ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದೇ. ಊರು, ಕಾರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ. ಹಾಕಿರಲೂಬಹುದು, ಹಾಕಿಲ್ಲದೆಯೂ ಇರಬಹುದು. ಯಾವುದು ಅಂತ ಹೇಳಲು ಕೈಯಲ್ಲಿ ಕಾಗದ ಬೇಕು. ನಮ್ಮ ಕಡೆ ಗಾಡಿ ರಿಪೇರಿ ಮುಕ್ಕಾಲು ಪಾಲು ಬಾಯಿಮಾತಿನಲ್ಲೇ ನಡೆಯುತ್ತದೆ. ಜಗಳ ಹುಟ್ಟುವುದೂ ಅಲ್ಲೇ.

ಗ್ಯಾರೇಜಿನವರ ಕಡೆಯ ಮಾತೂ ಒಂದಿದೆ. ಶಬ್ದ ಎಲ್ಲಿಂದ ಬರುತ್ತಿದೆ ಅಂತ ಹುಡುಕಲು ಮೆಕ್ಯಾನಿಕ್ ಒಂದು ಗಂಟೆ ಗಾಡಿ ಕೆಳಗೆ ಮಲಗಿದರೆ ಅದಕ್ಕೆ ನಾವು ಕಾಸು ಕೊಡುವುದಿಲ್ಲ. "ಬರೀ ನೋಡಿದ್ದಕ್ಕೆ ಐನೂರಾ?" ಅನ್ನುತ್ತೇವೆ. ಅದೇ ಮನುಷ್ಯ ಬೇಡದ ಶಾಕ್ ಅಬ್ಸಾರ್ಬರ್ ಹಾಕಿ ಎಂಟು ಸಾವಿರ ಕೇಳಿದರೆ ಗೊಣಗಿಕೊಂಡೇ ಕೊಡುತ್ತೇವೆ. ಹುಡುಕಿದ ಶ್ರಮಕ್ಕೆ ಬೆಲೆ ಇಲ್ಲದ ಕಡೆ ಲಾಭವೆಲ್ಲ ಬಿಡಿಭಾಗದೊಳಗೆ ಹೋಗಿ ಕೂರುತ್ತದೆ. ಆದ್ದರಿಂದ ಕಷ್ಟದ ರಿಪೇರಿಯಾದರೆ ಮೊದಲೇ ಹೇಳಿಬಿಡಿ: "ಏನಾಗಿದೆ ಅಂತ ಕಂಡುಹಿಡಿಯೋಕೆ ಎಷ್ಟು ಅಂತ ಬೇರೆ ಹೇಳಿ, ಕೊಡ್ತೀನಿ. ರಿಪೇರಿ ಮಾಡ್ಸೋದು ಆಮೇಲಿನ ಮಾತು." ಈ ಒಂದು ವಾಕ್ಯ ಉಳಿಸುವಷ್ಟು ದುಡ್ಡನ್ನು ಚೌಕಾಸಿ ಉಳಿಸುವುದಿಲ್ಲ.

ಬೇಕಾಗುವುದು ಇಷ್ಟು: ಗಾಡಿಯ ಜತೆ ಬಂದ ಮ್ಯಾನ್ಯುಯಲ್, ಹಳೆ ಬಿಲ್‌ಗಳು, ಆರ್‌ಸಿ, ಕ್ಯಾಮೆರಾ ಇರುವ ಫೋನು. ಮ್ಯಾನ್ಯುಯಲ್ ಕಳೆದುಹೋಗಿದ್ದರೆ ಕಂಪನಿಯ ಜಾಲತಾಣದಲ್ಲಿ ನಿಮ್ಮ ಮಾದರಿ, ವರ್ಷ ನೋಡಿ ಇಳಿಸಿಕೊಳ್ಳಿ.

1. ಮೊದಲು ಮ್ಯಾನ್ಯುಯಲ್ ತೆಗೆಯಿರಿ

ಕೊನೆಯ ಪುಟಗಳಲ್ಲಿ ಒಂದು ಕೋಷ್ಟಕ ಇರುತ್ತದೆ. ಎಷ್ಟು ಕಿಲೋಮೀಟರಿಗೆ ಅಥವಾ ಎಷ್ಟು ತಿಂಗಳಿಗೆ ಏನು ಬದಲಿಸಬೇಕು, ಏನನ್ನು ಬರೀ ನೋಡಿದರೆ ಸಾಕು ಎಂಬುದು ಅದರಲ್ಲಿದೆ. ಈಗಿನ ಬಹುಪಾಲು ಪೆಟ್ರೋಲ್ ಕಾರುಗಳಿಗೆ ಎಂಜಿನ್ ಆಯಿಲ್ 10,000 ಕಿ.ಮೀ. ಅಥವಾ 1 ವರ್ಷ, ಯಾವುದು ಮೊದಲೋ ಅದು. ಬ್ರೇಕ್ ಆಯಿಲ್ ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ. ಅದು ಗಾಳಿಯ ತೇವ ಹೀರುತ್ತದೆ. ತೇವ ಸೇರಿದ ಆಯಿಲ್ ಘಾಟಿ ಇಳಿಯುವಾಗ ಕಾದು ಗುಳ್ಳೆ ಕಟ್ಟಿದರೆ ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲ. ಚಾರ್ಮಾಡಿ, ಆಗುಂಬೆ ಕಡೆ ಓಡಾಡುವವರು ಇದನ್ನು ಮುಂದೂಡಬೇಡಿ.

ಅದೇ ಕೋಷ್ಟಕದ ಹತ್ತಿರ ಆಯಿಲ್‌ನ ದರ್ಜೆ ಮತ್ತು ಪ್ರಮಾಣ ಇರುತ್ತದೆ. 5ಡಬ್ಲ್ಯು-30 ಎಂದೋ 0ಡಬ್ಲ್ಯು-20 ಎಂದೋ ಬರೆದಿರುತ್ತಾರೆ. ಮೊದಲ ಅಂಕಿ ತಣ್ಣಗಿದ್ದಾಗಿನ ಹರಿವು, ಎರಡನೆಯದು ಬಿಸಿಯಾದಾಗಿನ ದಪ್ಪ. 1.2 ಲೀಟರಿನ ಸಣ್ಣ ಪೆಟ್ರೋಲ್ ಎಂಜಿನ್‌ಗಳಿಗೆ ಫಿಲ್ಟರ್ ಸೇರಿ 3 ಲೀಟರಿನ ಆಸುಪಾಸು ಸಾಕಾಗುತ್ತದೆ. ನಿಮ್ಮ ಎಂಜಿನ್‌ಗೆ ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. 3.1 ಲೀಟರ್ ಹಿಡಿಯುವ ಗಾಡಿಯ ಬಿಲ್ಲಿನಲ್ಲಿ 4 ಲೀಟರ್ ಇದ್ದರೆ ಆ ಚೀಟಿ ತೋರಿಸಿ. ಸಣ್ಣ ಗ್ಯಾರೇಜಿನಲ್ಲಿ ಮೂರೂವರೆ ಲೀಟರಿನ ಡಬ್ಬಿ ಒಡೆದರೆ ಮಿಕ್ಕ ಆಯಿಲ್ ನಿಮ್ಮದೇ, ಡಬ್ಬಿ ಸಮೇತ ಡಿಕ್ಕಿಗೆ ಹಾಕಿಸಿಕೊಳ್ಳಿ.

2. ಲಕ್ಷಣ ಹೇಳಿ, ಬಿಡಿಭಾಗದ ಹೆಸರು ಹೇಳಬೇಡಿ

ಗಾಡಿ ಮಾಲೀಕರು ಮಾಡುವ ದೊಡ್ಡ ತಪ್ಪು ಇದೇ. "ಶಾಕ್ ಅಬ್ಸಾರ್ಬರ್ ಹೋಗಿದೆ, ಹಾಕ್ಬಿಡಿ" ಅಂದರೆ ಗ್ಯಾರೇಜಿನವರು ಹಾಕಿಬಿಡುತ್ತಾರೆ. ಶಬ್ದ ಹೋಗದಿದ್ದರೆ "ನೀವೇ ಹೇಳಿದ್ರಲ್ಲ ಸಾರ್" ಎಂಬ ಮಾತಿಗೆ ಉತ್ತರ ಇರುವುದಿಲ್ಲ. ವೈದ್ಯರ ಹತ್ತಿರ ಮಾತ್ರೆಯ ಹೆಸರು ಹೇಳದೆ ನೋವು ಎಲ್ಲಿ ಅನ್ನುತ್ತೀರಲ್ಲ, ಇಲ್ಲೂ ಹಾಗೇ.

ಹೇಳಬೇಕಾದದ್ದು: ಯಾವಾಗ, ಎಷ್ಟು ವೇಗದಲ್ಲಿ, ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಬ್ರೇಕ್ ಒತ್ತಿದಾಗಲೋ ಬಿಟ್ಟಾಗಲೋ, ಸ್ಟೀರಿಂಗ್ ಎಡಕ್ಕೆ ತಿರುಗಿಸಿದಾಗಲೋ ಬಲಕ್ಕೋ. ಶಬ್ದ ಬರುವಾಗ ಪಕ್ಕದಲ್ಲಿ ಕೂತವರಿಂದ ವಿಡಿಯೊ ಮಾಡಿಸಿ. ಗ್ಯಾರೇಜಿಗೆ ಹೋದ ಹೊತ್ತಿಗೆ ಸರಿಯಾಗಿ ಆ ಶಬ್ದ ಬರುವುದೇ ಇಲ್ಲ, ಎಲ್ಲರ ಅನುಭವವೂ ಅದೇ. ಆಮೇಲೆ ಮೆಕ್ಯಾನಿಕ್ಕನ್ನು ಕೂರಿಸಿಕೊಂಡು ಎರಡು ಕಿಲೋಮೀಟರ್ ಓಡಿಸಿ ತೋರಿಸಿ.

ಕೆಲವು ಲಕ್ಷಣಗಳ ಜಾಡು ಗೊತ್ತಿದ್ದರೆ ಎಸ್ಟಿಮೇಟ್ ಓದುವಾಗ ಉಪಯೋಗಕ್ಕೆ ಬರುತ್ತದೆ.

80-100ರ ವೇಗದಲ್ಲಿ ಸ್ಟೀರಿಂಗ್ ನಡುಗಿದರೆ ಮೊದಲ ಅನುಮಾನ ವೀಲ್ ಬ್ಯಾಲೆನ್ಸಿಂಗ್ ಮೇಲೆ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕ್ ಡಿಸ್ಕ್ ಮೇಲೆ. ಗಾಡಿ ಒಂದು ಪಕ್ಕಕ್ಕೆ ಎಳೆದರೆ ಅಲೈನ್‌ಮೆಂಟ್ ಅನ್ನುವ ಮುಂಚೆ ನಾಲ್ಕೂ ಟೈರಿನ ಗಾಳಿ ನೋಡಿಸಿ, ಅದಕ್ಕೆ ಖರ್ಚಿಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಗಾಡಿ ಸರಿಸುವಾಗ ಕಟಕಟ ಎಂದರೆ ಆ್ಯಕ್ಸಲ್‌ನ ಹೊರಗಿನ ಜಾಯಿಂಟ್. ವೇಗದ ಜತೆ ಏರುವ ಗುಂಯ್‌ ಶಬ್ದ ವೀಲ್ ಬೇರಿಂಗಿನದಿರಬಹುದು, ಅಲ್ಲಲ್ಲಿ ಏರುಪೇರಾಗಿ ಸವೆದ ಟೈರಿನದೂ ಇರಬಹುದು. ಮುಂದಿನ ಟೈರು ಹಿಂದಕ್ಕೆ ಹಾಕಿ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ.

ಹಂಪ್ ಮೇಲೆ, ಕಿತ್ತುಹೋದ ರಸ್ತೆಯಲ್ಲಿ ನಿಧಾನಕ್ಕೆ ಹೋಗುವಾಗ ಮುಂದಿನಿಂದ ಬರುವ ಕಟ್‌ಕಟ್ ಶಬ್ದದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅತಿ ಹೆಚ್ಚು ದುಡ್ಡು ವ್ಯರ್ಥವಾಗುವುದು ಇದರಲ್ಲೇ. ಹೆಚ್ಚಿನ ಸಲ ಇದಕ್ಕೆ ಕಾರಣ ಲಿಂಕ್ ರಾಡ್. ಗಾಡಿ ತಿರುವಿನಲ್ಲಿ ವಾಲದಂತೆ ಹಿಡಿಯುವ ಅಡ್ಡ ಸರಳನ್ನು ಸಸ್ಪೆನ್ಷನ್ನಿಗೆ ಜೋಡಿಸುವ, ಗೇಣುದ್ದದ ಸಣ್ಣ ಕಡ್ಡಿ ಅದು. ಎರಡು ತುದಿಯಲ್ಲೂ ಗುಂಡನೆ ಕೀಲು, ಅದರ ಮೇಲೆ ರಬ್ಬರ್ ಟೊಪ್ಪಿ. ಟೊಪ್ಪಿ ಹರಿದು ಧೂಳು ನೀರು ಒಳಗೆ ಹೋದರೆ ಕೀಲು ಸವೆದು ಕುಣಿಯತೊಡಗುತ್ತದೆ. ಮುಂದಿನ ಚಕ್ರ ಒಂದು ಕಡೆಗೆ ಪೂರ್ತಿ ತಿರುಗಿಸಿ ನಿಲ್ಲಿಸಿ, ಆ ಕಡ್ಡಿಯನ್ನು ಕೈಯಲ್ಲಿ ಹಿಡಿದು ಅಲುಗಿಸಿದರೆ ಟಿಕ್ ಟಿಕ್ ಎಂದು ಕೈಗೇ ತಿಳಿಯುತ್ತದೆ. ಇದಾದ ಮೇಲೆ ಅನುಮಾನ ಸಸ್ಪೆನ್ಷನ್ನಿನ ಬೇರೆ ಭಾಗಗಳ ಮೇಲೆ: ಲೋಯರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಸ್ಟ್ರಟ್ ಮೌಂಟ್. ಶಾಕ್ ಅಬ್ಸಾರ್ಬರ್ ಹೋಗಿದ್ದರೆ ಅದರ ಮೈಮೇಲೆ ಎಣ್ಣೆ ಸೋರಿ ಧೂಳು ಮೆತ್ತಿಕೊಂಡಿರುತ್ತದೆ, ಇಲ್ಲವೇ ಹಂಪ್ ದಾಟಿದ ಮೇಲೂ ಗಾಡಿ ತೊಟ್ಟಿಲಿನ ಹಾಗೆ ತೂಗುತ್ತದೆ. ಎರಡೂ ಇಲ್ಲದೆ "ನಾಲ್ಕೂ ಶಾಕ್ ಹಾಕ್ಬೇಕು" ಅಂದರೆ ಲಿಂಕ್ ರಾಡ್ ಅಲುಗಿಸಿ ತೋರಿಸಲು ಹೇಳಿ.

ಎಂಜಿನ್ ಲೈಟ್ ಉರಿದಾಗ ಸ್ಕ್ಯಾನರ್ ಹಾಕುತ್ತಾರೆ, ಒಂದು ಕೋಡ್ ಬರುತ್ತದೆ. ಕೋಡ್ ತಿಳಿಸುವುದು ಲಕ್ಷಣವನ್ನು, ಯಾವ ಬಿಡಿಭಾಗ ಕೆಟ್ಟಿದೆ ಎಂಬುದನ್ನಲ್ಲ. ಪಿ0171 ಅಂದರೆ ಎಂಜಿನ್ನಿಗೆ ಬೇಕಾದ್ದಕ್ಕಿಂತ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಎಂದಷ್ಟೇ ಅರ್ಥ. ಬಿರುಕು ಬಿಟ್ಟ ರಬ್ಬರ್ ಹೋಸ್‌ನಿಂದಲೂ ಅದು ಬರುತ್ತದೆ. ಪಿ0420 ಬಂದ ತಕ್ಷಣ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸಬೇಕೆಂದೇನೂ ಇಲ್ಲ. ಸೈಲೆನ್ಸರ್ ಸೋರಿಕೆ, ಆಕ್ಸಿಜನ್ ಸೆನ್ಸರ್ ಎರಡನ್ನೂ ಮೊದಲು ನೋಡಬೇಕು. ಕೋಡ್ ಅಳಿಸುವ ಮುಂಚೆ ಪರದೆಯ ಫೋಟೊ ತೆಗೆದುಕೊಳ್ಳಿ.

3. ಯಾವ ಗ್ಯಾರೇಜು?

ವಾರಂಟಿ ಇರುವಷ್ಟು ದಿನ ಕಂಪನಿಯ ಸರ್ವೀಸ್ ಸೆಂಟರ್ರೇ ಸರಿ, ವಾದ ಬೇಡ. ಅಪಘಾತದ ರಿಪೇರಿಗೆ ನಿಮ್ಮ ವಿಮೆಯ ಕ್ಯಾಶ್‌ಲೆಸ್ ಪಟ್ಟಿಯಲ್ಲಿರುವ ಕಡೆ ಹೋಗಿ. ವಿಮೆಯ ಸರ್ವೇಯರ್ ಬಂದು ನೋಡುವ ತನಕ ಏನನ್ನೂ ಬಿಚ್ಚಿಸಬೇಡಿ. ವಾರಂಟಿ ಮುಗಿದ ಗಾಡಿಗೆ ಬಡಾವಣೆಯ ಒಳ್ಳೆ ಮೆಕ್ಯಾನಿಕ್ ಸಾಕು. ಎ.ಸಿ., ವೈರಿಂಗ್, ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಮಾತ್ರ ಅದನ್ನೇ ಮಾಡುವವರ ಕೈಗೆ ಕೊಡಿ.

ಬೆಂಗಳೂರಿನವರಾದರೆ "ಜೆ.ಸಿ. ರಸ್ತೆಯಲ್ಲಿ ಪಾರ್ಟ್ಸ್ ನಾನೇ ತಂದುಕೊಡ್ತೀನಿ" ಅನ್ನಿಸುವುದು ಸಹಜ. ತನ್ನಿ, ಆದರೆ ಎರಡು ಎಚ್ಚರ. ಒಂದೇ ಮಾದರಿಯಲ್ಲೂ ವರ್ಷಕ್ಕೊಂದು ಬಿಡಿಭಾಗ ಬದಲಾಗಿರುತ್ತದೆ, ಹಾಗಾಗಿ ಆರ್‌ಸಿಯಲ್ಲಿರುವ ಚಾಸಿ ನಂಬರ್ ಕೊಟ್ಟೇ ಕೊಳ್ಳಿ. ಎರಡನೆಯದು, ನೀವು ತಂದ ಮಾಲು ಕೈಕೊಟ್ಟರೆ ಬಿಚ್ಚಿ ಹಾಕುವ ಕೂಲಿ ಎರಡನೇ ಸಲ ನಿಮ್ಮ ತಲೆ ಮೇಲೆ. ಹಳೆಯ ಮೆಕ್ಯಾನಿಕ್‌ಗಳು "ಒರಿಜಿನಲ್" ಅಂದಾಗ ಎರಡು ಅರ್ಥ ಇರುತ್ತದೆ: ಕಾರು ಕಂಪನಿಯ ಹೆಸರಿನ ಪೊಟ್ಟಣ, ಅಥವಾ ಆ ಕಂಪನಿಗೇ ಸರಬರಾಜು ಮಾಡುವ ತಯಾರಕರ ಸ್ವಂತ ಹೆಸರಿನ ಪೊಟ್ಟಣ. ಎರಡನೆಯದು ಅಗ್ಗ, ಬಹಳ ಸಲ ಮಾಲು ಅದೇ. ಯಾವುದು ಅಂತ ಕೇಳಿ ಬರೆಸಿಕೊಳ್ಳಿ.

4. ಗಾಡಿ ಬಿಡುವಾಗ

ಜಾಬ್ ಕಾರ್ಡ್ ಅಂದರೆ ನೀವು ಹೇಳಿದ ದೂರು, ಅವರು ಮಾಡಲಿರುವ ಕೆಲಸ, ಅಂದಾಜು ವೆಚ್ಚ ಬರೆದ ಹಾಳೆ. ಖಾಲಿ ಜಾಬ್ ಕಾರ್ಡಿಗೆ ಸಹಿ ಹಾಕಬೇಡಿ. ಜಾಬ್ ಕಾರ್ಡೇ ಇಲ್ಲದ ಸಣ್ಣ ಗ್ಯಾರೇಜಾದರೆ ಮಾತಾಡಿಕೊಂಡದ್ದನ್ನು ಅಲ್ಲೇ ನಿಂತು ವಾಟ್ಸ್ಆ್ಯಪ್ ಮಾಡಿ. ಅವರು "ಸರಿ ಸಾರ್" ಅಂತ ಉತ್ತರಿಸಿದರೆ ಅದೇ ಜಾಬ್ ಕಾರ್ಡು. ಕೊನೆಗೆ ಈ ಎರಡು ಸಾಲು ಸೇರಿಸಿ:

"ಎಸ್ಟಿಮೇಟ್ ಬಿಟ್ಟು ಬೇರೆ ಕೆಲಸವಿದ್ದರೆ ನನ್ನನ್ನು ಕೇಳಿ ಮಾಡಬೇಕು. ಬದಲಿಸಿದ ಹಳೆ ಬಿಡಿಭಾಗ ವಾಪಸ್ ಬೇಕು."

ಫೋಟೊ ತೆಗೆಯಬೇಕಾದವು: ಓಡೊಮೀಟರ್ ಮತ್ತು ಪೆಟ್ರೋಲ್ ಮುಳ್ಳು ಒಂದೇ ಚಿತ್ರದಲ್ಲಿ, ನಾಲ್ಕೂ ಬದಿ, ಸ್ಟೆಪ್ನಿ, ಜಾಕ್, ಬ್ಯಾಟರಿಯ ಸೀರಿಯಲ್ ನಂಬರ್, ಟೈರಿನ ಮೇಲಿರುವ ನಾಲ್ಕು ಅಂಕಿ. ಅಲ್ಲಿ 2324 ಎಂದಿದ್ದರೆ 2024ರ 23ನೇ ವಾರ ತಯಾರಾದ ಟೈರು ಎಂದರ್ಥ. ಮೆಕ್ಯಾನಿಕ್ಕಿನ ಎದುರಿಗೇ ಫೋಟೊ ತೆಗೆಯಿರಿ. ಸಂಕೋಚ ಬೇಡ, ಅವರಿಗೂ ಇದು ರಕ್ಷಣೆಯೇ. ಹಳೆ ಗೀರನ್ನು ಹೊಸದೆನ್ನುವ ಗಿರಾಕಿಗಳೂ ಇದ್ದಾರೆ.

5. ಎಸ್ಟಿಮೇಟ್ ಓದುವುದು

ಮೂರು ಭಾಗ: ಬಿಡಿಭಾಗ, ಲೇಬರ್, ಕನ್ಸ್ಯೂಮಬಲ್ಸ್. ಕೊನೆಯದರಲ್ಲಿ ಗ್ರೀಸು, ಬ್ರೇಕ್ ಕ್ಲೀನರ್, ಬಟ್ಟೆ ಇಂಥವು. ಇದೊಂದೇ ಸಾಲು ದೊಡ್ಡ ಮೊತ್ತವಾಗಿದ್ದರೆ ಬಿಡಿಸಿ ಬರೆಯಲು ಹೇಳಿ.

ಜಿಎಸ್‌ಟಿಯಲ್ಲಿ ಮೂರು ಕಡೆ ಜನ ಎಡವುತ್ತಾರೆ. ಕಾರಿನ ಬಿಡಿಭಾಗಗಳ ಮೇಲಿದ್ದ 28% ತೆರಿಗೆ 2025ರ ಸೆಪ್ಟೆಂಬರ್ 22ರಿಂದ 18%ಗೆ ಇಳಿದಿದೆ. ಲೇಬರ್ ಮೇಲೂ 18%. ಹಳೆ ದರ ಹಾಕಿದ್ದರೆ ಕೇಳಿ. ಎರಡು, ಪೊಟ್ಟಣದ ಮೇಲಿನ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿದೆ. ಎಂಆರ್‌ಪಿ ಬರೆದು ಅದರ ಮೇಲೆ ಮತ್ತೆ ಜಿಎಸ್‌ಟಿ ಹಾಕಿದರೆ ಅದು ತಪ್ಪು. ಮೂರು, ಜಿಎಸ್‌ಟಿ ಹಾಕಿದ ಬಿಲ್ಲಿನಲ್ಲಿ 15 ಅಕ್ಷರದ ನೋಂದಣಿ ಸಂಖ್ಯೆ ಇರಲೇಬೇಕು. ಕರ್ನಾಟಕದ್ದಾದರೆ 29ರಿಂದ ಶುರು. ಸಂಖ್ಯೆ ಇಲ್ಲದವರಿಗೆ ಜಿಎಸ್‌ಟಿ ಕೇಳುವ ಹಕ್ಕಿಲ್ಲ.

ಇನ್ನು ಸರ್ವೀಸ್ ಅಡ್ವೈಸರ್ ಸೇರಿಸುವ ಹೆಚ್ಚುವರಿ ಸಾಲುಗಳು: ಎಂಜಿನ್ ಫ್ಲಶ್, ಡಿಕಾರ್ಬನೈಸಿಂಗ್, ಇಂಜೆಕ್ಟರ್ ಕ್ಲೀನಿಂಗ್, ಎ.ಸಿ. ಡಿಸ್‌ಇನ್ಫೆಕ್ಷನ್, ಟೆಫ್ಲಾನ್ ಕೋಟಿಂಗ್. ಅವರಿಗೆ ತಿಂಗಳ ಗುರಿ ಇರುತ್ತದೆ, ಅವರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ನನ್ನ ಅಳತೆಗೋಲು ಸರಳ: ಮ್ಯಾನ್ಯುಯಲ್‌ನ ಕೋಷ್ಟಕದಲ್ಲಿ ಇಲ್ಲ, ಗಾಡಿಯಲ್ಲಿ ಲಕ್ಷಣವೂ ಇಲ್ಲ ಅಂದಮೇಲೆ ಬೇಡ. ಗಾಡಿ ನಿಂತಿದ್ದಾಗಿನ ಎಂಜಿನ್ ಓಟ (ಐಡ್ಲಿಂಗ್) ಏರಿಳಿಯುತ್ತಿದ್ದರೆ ಥ್ರಾಟಲ್ ಬಾಡಿ ಕ್ಲೀನಿಂಗ್ ಮಾಡಿಸಿ, ಸುಮ್ಮನೆ ಬೇಡ. ಕರಾವಳಿಯ ಉಪ್ಪುಗಾಳಿಗೆ ಅಂಡರ್‌ಬಾಡಿ ಕೋಟಿಂಗ್‌ಗೆ ಅರ್ಥವಿದೆ, ಬಳ್ಳಾರಿಯ ಒಣ ಹವೆಯಲ್ಲಿ ಅಷ್ಟಿಲ್ಲ. ಕ್ಯಾಬಿನ್ ಫಿಲ್ಟರ್ ಬದಲಿಸಬೇಕು ಅಂದರೆ ಮಾತ್ರ ಅನುಮಾನಿಸುವ ಮೊದಲು ತೆಗೆಸಿ ನೋಡಿ, ನೀವೇ ಬೇಗ ಬದಲಿಸಿ ಅನ್ನುತ್ತೀರಿ.

"ಎ.ಸಿ. ಗ್ಯಾಸ್ ಖಾಲಿ, ಟಾಪ್ ಅಪ್ ಮಾಡ್ಬೇಕು" ಎಂಬ ಮಾತಿಗೆ ನಿಲ್ಲಿ. ಎ.ಸಿ. ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಮುಗಿಯುವುದಿಲ್ಲ, ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಿರುತ್ತದೆ. ಒಂದೇ ವರ್ಷದಲ್ಲಿ ಇಳಿದಿದೆ ಅಂದರೆ ಎಲ್ಲೋ ಸೋರುತ್ತಿದೆ. ಸೋರುವ ಜಾಗ ಹುಡುಕದೆ ತುಂಬಿದರೆ ಮುಂದಿನ ಬೇಸಿಗೆಗೆ ಮತ್ತೆ ಅದೇ ಬಿಲ್ಲು. ಸರಿಯಾದ ಕ್ರಮ: ಸೋರಿಕೆ ಪತ್ತೆ, ರಿಪೇರಿ, ಅರ್ಧ ಗಂಟೆಯಷ್ಟು ವ್ಯಾಕ್ಯೂಮ್ ಎಳೆದು ಒಳಗಿನ ಗಾಳಿ ತೇವ ತೆಗೆಯುವುದು, ಆಮೇಲೆ ತೂಕ ಮಾಡಿ ಗ್ಯಾಸ್ ತುಂಬುವುದು. ಎಷ್ಟು ಗ್ರಾಂ, ಯಾವ ಗ್ಯಾಸ್ ಎಂಬುದು ಬಾನೆಟ್ ಒಳಗಿನ ಸ್ಟಿಕ್ಕರಿನಲ್ಲಿರುತ್ತದೆ.

6. ಮಧ್ಯಾಹ್ನದ ಫೋನು

"ಸಾರ್, ಬಿಚ್ಚಿದ್ವಿ. ಪ್ಯಾಡ್ ಹೋಗಿದೆ, ಹಾಕ್ಲಾ?" ಆಫೀಸಿನ ಗಡಿಬಿಡಿಯಲ್ಲಿ "ಹೂಂ ಹಾಕಿ" ಅನ್ನುವ ಮುಂಚೆ ಮೂರು ಕೇಳಿ: ಫೋಟೊ ಕಳಿಸಿ, ಅಳತೆ ಎಷ್ಟು, ಲೇಬರ್ ಸೇರಿ ಒಟ್ಟು ಎಷ್ಟು.

ಅಳತೆಗಳು ಹೀಗೆ. ಬ್ರೇಕ್ ಪ್ಯಾಡಿನ ಉಜ್ಜುವ ಭಾಗ ಹೊಸದರಲ್ಲಿ 10 ಮಿ.ಮೀ. ಆಸುಪಾಸು, 3 ಮಿ.ಮೀ.ಗೆ ಬಂದರೆ ಬದಲಿಸಿ. 6 ಉಳಿದಿದ್ದರೆ ಸದ್ಯಕ್ಕೆ ಬೇಡ. ಬ್ರೇಕ್ ಡಿಸ್ಕಿನ ಕನಿಷ್ಠ ದಪ್ಪ ಬಹುಪಾಲು ಡಿಸ್ಕಿನ ಮೇಲೇ ಕೊರೆದಿರುತ್ತದೆ. ಟೈರಿನ ಮೇಲಿನ ಗೆರೆಗಳ ಆಳ ಕಾನೂನಿನ ಪ್ರಕಾರ 1.6 ಮಿ.ಮೀ.ಗಿಂತ ಕಡಿಮೆಯಾಗಬಾರದು, ಮಳೆಗಾಲಕ್ಕೆ 3ರಲ್ಲೇ ಬದಲಿಸುವುದು ಒಳ್ಳೆಯದು. ಬ್ಯಾಟರಿ ರಾತ್ರಿಯೆಲ್ಲ ನಿಂತ ಮೇಲೆ 12.6 ವೋಲ್ಟ್ ಇದ್ದರೆ ಪೂರ್ತಿ ತುಂಬಿದೆ, 12.2 ಅಂದರೆ ಅರ್ಧ. ಎಂಜಿನ್ ಓಡುವಾಗ 13.8-14.4 ಬರಬೇಕು. ಬರದಿದ್ದರೆ ತಪ್ಪು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆಯದು. ಹೊಸ ಬ್ಯಾಟರಿ ಹಾಕಿದರೂ ವಾರದಲ್ಲಿ ಮತ್ತೆ ಸೆಲ್ಫ್ ತೆಗೆದುಕೊಳ್ಳುವುದಿಲ್ಲ.

ಹೆಚ್ಚುವರಿ ಕೆಲಸವೆಲ್ಲ ಮೋಸವಲ್ಲ. ಕ್ಲಚ್ ಪ್ಲೇಟ್ ಹಾಕಲು ಗೇರ್‌ಬಾಕ್ಸ್ ಇಳಿಸಿದಾಗ "ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಕೂಡ ಹಾಕಿಬಿಡೋಣ, ಕ್ರ್ಯಾಂಕಿನ ಆಯಿಲ್ ಸೀಲ್ ನೋಡೋಣ" ಅಂದರೆ ಅವರು ನಿಮ್ಮ ದುಡ್ಡು ಉಳಿಸುತ್ತಿದ್ದಾರೆ. ಬೇರಿಂಗ್ ಆರು ತಿಂಗಳಿಗೆ ಕೂಗತೊಡಗಿದರೆ ಮತ್ತೆ ಗೇರ್‌ಬಾಕ್ಸ್ ಇಳಿಸುವ ಪೂರ್ತಿ ಲೇಬರ್ ಬೀಳುತ್ತದೆ. ನೋಡಬೇಕಾದ್ದು ಒಂದೇ: ಅದೇ ಬಿಚ್ಚುವಿಕೆಗೆ ಎರಡು ಸಲ ಲೇಬರ್ ಬರೆದಿದ್ದಾರೆಯೇ.

7. ಗಾಡಿ ತೆಗೆದುಕೊಳ್ಳುವಾಗ

ಬೆಳಕಿರುವಾಗಲೇ ಹೋಗಿ. ದುಡ್ಡು ಕೊಡುವ ಮುಂಚೆ ಓಡಿಸಿ ನೋಡಿ, ನೀವು ಹೇಳಿದ್ದ ಲಕ್ಷಣ ಬರುತ್ತಿದ್ದ ಅದೇ ರಸ್ತೆಯಾದರೆ ಇನ್ನೂ ಒಳ್ಳೆಯದು. ಎಂಜಿನ್ ನಿಲ್ಲಿಸಿ ಐದು ನಿಮಿಷದ ಮೇಲೆ, ಸಮತಟ್ಟು ಜಾಗದಲ್ಲಿ ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಎಳೆದು ನೋಡಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಮೇಲಿನ ಗುರುತು ದಾಟಿದ್ದರೂ ತಪ್ಪೇ. ಪೆಟ್ರೋಲ್ ಗಾಡಿಯಲ್ಲಿ ಹೊಸ ಆಯಿಲ್ ಜೇನಿನ ಬಣ್ಣ. ಡೀಸೆಲ್‌ನಲ್ಲಿ ಹಾಕಿದ ಸ್ವಲ್ಪ ಹೊತ್ತಿಗೇ ಕಪ್ಪಾಗುತ್ತದೆ, ಅದನ್ನು ಹಿಡಿದು ಜಗಳಕ್ಕೆ ಹೋಗಬೇಡಿ.

ಹಳೆ ಬಿಡಿಭಾಗ ಎಲ್ಲವೂ ಸಿಗುವುದಿಲ್ಲ. ವಾರಂಟಿಯಲ್ಲಿ ಬದಲಿಸಿದ್ದು ಕಂಪನಿಗೆ ವಾಪಸ್ ಹೋಗುತ್ತದೆ. ಹಳೆ ಬ್ಯಾಟರಿ ಎಕ್ಸ್‌ಚೇಂಜಿಗೆ ಕೊಟ್ಟಿದ್ದರೆ ಅದರ ಬೆಲೆ ಬಿಲ್ಲಿನಲ್ಲಿ ಕಳೆದಿರಬೇಕು. ಚಕ್ರ ಬಿಚ್ಚಿದ್ದರೆ 50-100 ಕಿ.ಮೀ. ಆದಮೇಲೆ ನಟ್ಟುಗಳ ಬಿಗಿ ಮತ್ತೊಮ್ಮೆ ನೋಡಿಸಿ. ಮಾಡಿದ ಕೆಲಸಕ್ಕೆ ಎಷ್ಟು ದಿನದ ಗ್ಯಾರಂಟಿ ಎಂಬುದು ಬಿಲ್ಲಿನ ಮೇಲೇ ಬರಲಿ.

8. ಕೆಟ್ಟೇಹೋದರೆ

ಬಿಲ್ ಒಪ್ಪಿಗೆಯಿಲ್ಲ ಅಂತ ಕೀ ಕಿತ್ತುಕೊಂಡು ಬರಲು ಹೋಗಬೇಡಿ. 1872ರ ಭಾರತೀಯ ಕರಾರು ಕಾಯ್ದೆಯ 170ನೇ ಕಲಂ ಪ್ರಕಾರ, ಕೆಲಸ ಮಾಡಿದವರು ಅದರ ಕೂಲಿ ಸಿಗುವ ತನಕ ಗಾಡಿಯನ್ನು ಇಟ್ಟುಕೊಳ್ಳಬಹುದು. ಕೇಳದೆ ಮಾಡಿದ ಕೆಲಸದ ಮೊತ್ತಕ್ಕೆ ತಕರಾರಿದ್ದರೆ "ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ" ಎಂದು ಬಿಲ್ಲಿನ ಎರಡೂ ಪ್ರತಿಗಳ ಮೇಲೆ ಬರೆದು, ಯುಪಿಐ ಅಥವಾ ಕಾರ್ಡಿನಲ್ಲಿ ಕೊಟ್ಟು ಗಾಡಿ ಬಿಡಿಸಿಕೊಳ್ಳಿ. ಅದೇ ದಿನ ಇಮೇಲ್ ಅಥವಾ ವಾಟ್ಸ್ಆ್ಯಪ್‌ನಲ್ಲಿ ದೂರು ಬರೆಯಿರಿ. ಗಾಡಿ ಅವರ ವಶದಲ್ಲಿದ್ದಾಗ ಜೋಪಾನ ಮಾಡುವ ಹೊಣೆ ಅದೇ ಕಾಯ್ದೆಯ 151ನೇ ಕಲಂನಲ್ಲಿದೆ. ಗೋಡೆ ಮೇಲಿನ "ಮಾಲೀಕರದೇ ಜವಾಬ್ದಾರಿ" ಬೋರ್ಡ್ ನೋಡಿ ಹೆದರಿ ಸುಮ್ಮನಾಗಬೇಡಿ.

ರಿಪೇರಿ ಮಾಡಿದ್ದೇ ಕೆಟ್ಟರೆ ಮೊದಲು ಅದೇ ಗ್ಯಾರೇಜಿಗೆ ಲಿಖಿತವಾಗಿ ತಿಳಿಸಿ, ಸರಿಪಡಿಸಲು ಅವಕಾಶ ಕೊಡಿ. ಸಿಟ್ಟಿನಲ್ಲಿ ನೇರ ಇನ್ನೊಂದು ಗ್ಯಾರೇಜಿಗೆ ಒಯ್ದು ಬಿಚ್ಚಿಸಿದರೆ ನಿಮ್ಮ ಸಾಕ್ಷ್ಯ ಅಲ್ಲಿಗೇ ಮುಗಿಯಿತು. ಒಯ್ಯಲೇಬೇಕಾದರೆ ಬಿಚ್ಚುವ ಮುಂಚೆ ಮತ್ತು ಬಿಚ್ಚುವಾಗ ವಿಡಿಯೊ, ಆ ಮೆಕ್ಯಾನಿಕ್ಕಿನಿಂದ ಸಹಿ ಮಾಡಿದ ವರದಿ, ತೆಗೆದ ಬಿಡಿಭಾಗ, ಮೂರನ್ನೂ ಇಟ್ಟುಕೊಳ್ಳಿ.

ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಗ್ಯಾರೇಜು ಬೇರೆ ಊರಿನಲ್ಲಿದ್ದರೂ ಸರಿ. ವಕೀಲರು ಕಡ್ಡಾಯವಲ್ಲ. ಕೊಟ್ಟ ಮೊತ್ತ 5 ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ. ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಜಾಬ್ ಕಾರ್ಡು, ಎಸ್ಟಿಮೇಟು, ಬಿಲ್ಲು, ವಾಟ್ಸ್ಆ್ಯಪ್ ಪ್ರತಿ, ಫೋಟೊಗಳನ್ನು ತಾರೀಕಿನ ಕ್ರಮದಲ್ಲಿ ಜೋಡಿಸಿ ಲಗತ್ತಿಸಿ. ತಕರಾರು ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ದಾಖಲಾಗಬೇಕು. "ಮುಂದಿನ ವಾರ ನೋಡ್ತೀವಿ ಸಾರ್" ಅಂದುಕೊಂಡು ಅವರು ದಿನ ದೂಡುತ್ತಿದ್ದರೂ ಆ ಲೆಕ್ಕ ನಿಲ್ಲುವುದಿಲ್ಲ.